ಬೆಲೆ ಇಳಿಯದು, ಗಿರಾಕಿ ಬಾರ: ಹಿಂಜರಿತದ ಕಾಲದಲ್ಲಿ ಹಳೆಯ ಸ್ಪೋರ್ಟ್ಸ್ ಕಾರುಗಳು

ಅಡಿಕೆ ಧಾರಣೆ ಇಳಿದ ವರ್ಷ ಚನ್ನಗಿರಿಯಲ್ಲಾಗಲಿ ಭೀಮಸಮುದ್ರದಲ್ಲಾಗಲಿ ಇಬ್ಬರು ಬೆಳೆಗಾರರ ಮನೆಯಲ್ಲಿ ಒಂದೇ ಗುಣಮಟ್ಟದ ರಾಶಿ ಅಡಿಕೆ ಇದ್ದರೂ ಇಬ್ಬರಿಗೂ ದಕ್ಕುವ ಬೆಲೆ ಒಂದೇ ಆಗಿರುವುದಿಲ್ಲ. ಬ್ಯಾಂಕಿನ ಕಂತು ಕಟ್ಟಬೇಕಾದವನು, ಮಗಳ ಮದುವೆ ಗೊತ್ತು ಮಾಡಿಕೊಂಡವನು ಅಂದಿನ ದರಕ್ಕೇ ಮಂಡಿಗೆ ಹಾಕುತ್ತಾನೆ. ಕೈಯಲ್ಲಿ ಬೇರೆ ಹಣ ಓಡಾಡುವವನು ಚೀಲದ ಬಾಯಿ ಹೊಲಿದು ಒಳಗಿಟ್ಟು ಕಾಯುತ್ತಾನೆ. ಕಾಯುವವರ ಸಂಖ್ಯೆ ಹೆಚ್ಚಿದ್ದರೆ ಮಾರುಕಟ್ಟೆಗೆ ಆವಕ ಕಡಿಮೆಯಾಗಿ ದರ ಒಂದು ಮಟ್ಟದಲ್ಲಿ ನಿಲ್ಲುತ್ತದೆ, ಸಾಲಗಾರರ ಸಂಖ್ಯೆ ಹೆಚ್ಚಿದ್ದರೆ ಜಾರುತ್ತದೆ. ಹಳೆಯ ಸ್ಪೋರ್ಟ್ಸ್ ಕಾರುಗಳು ಆರ್ಥಿಕ ಹಿಂಜರಿತದಲ್ಲಿ ಬೆಲೆ ಉಳಿಸಿಕೊಳ್ಳುತ್ತವೆಯೇ ಎಂಬ ಪ್ರಶ್ನೆಗೆ ಬಹುಮಟ್ಟಿನ ಉತ್ತರ ಇಲ್ಲಿಯೇ ಇದೆ ಎಂಬುದು ಈ ಲೇಖನದ ವಾದ.

ಈ ಪ್ರಶ್ನೆ ದಾವಣಗೆರೆಯಲ್ಲಿ ಏಕೆ ಎಂದು ಯಾರಾದರೂ ಕೇಳಬಹುದು. ಹತ್ತಿ ಗಿರಣಿಗಳ ಕಾಲದಲ್ಲಿ ಈ ಊರಿನ ಹಣ ಹೆಚ್ಚಾಗಿ ಗಿರಣಿ, ಮಂಡಿ, ಜಮೀನುಗಳಲ್ಲಿಯೇ ಸುತ್ತುತ್ತಿತ್ತು. ಈಗ ಅಕ್ಕಿ ಗಿರಣಿ, ಅಡಿಕೆ, ಶಿಕ್ಷಣ ಸಂಸ್ಥೆ, ರಿಯಲ್ ಎಸ್ಟೇಟ್‌ಗಳಿಂದ ಬಂದ ಹಣವುಳ್ಳ ಮನೆಗಳ ಎರಡನೆಯ, ಮೂರನೆಯ ತಲೆಮಾರು ಮೊಬೈಲ್ ಪರದೆಯ ಮೇಲೆ ವಿದೇಶದ ಹರಾಜುಗಳನ್ನು ನೋಡುತ್ತದೆ. ಚಿನ್ನ ಈಗಾಗಲೇ ಏರಿದೆ, ಸೈಟು ಮಾರಾಟವಾಗುತ್ತಿಲ್ಲ, ಷೇರು ಪೇಟೆಯ ಬಗ್ಗೆ ಭಯ. ಹಾಗಾದರೆ ಹಳೆಯ ಪೋರ್ಷೆಯನ್ನೋ ಎರಡು ಬಾಗಿಲಿನ ಮರ್ಸಿಡಿಸ್ ಕೂಪೆಯನ್ನೋ ಕೊಂಡಿಟ್ಟರೆ ಹೇಗೆ, ಓಡಿಸಿದಂತೆಯೂ ಆಯಿತು, ಹಣ ಬೆಳೆದಂತೆಯೂ ಆಯಿತು ಎಂಬ ಲೆಕ್ಕ ಪಿ.ಜೆ. ಬಡಾವಣೆಯ ಹೋಟೆಲುಗಳಲ್ಲಿ ಬೆಣ್ಣೆದೋಸೆಯ ಜೊತೆಗೇ ಕೇಳಿಬರುತ್ತದೆ. ಲೆಕ್ಕ ಪೂರ್ತಿ ತಪ್ಪಲ್ಲ, ಆದರೆ ಅರ್ಧ ಲೆಕ್ಕ.

ಈ ಲೆಕ್ಕದ ಪರವಾಗಿ ಹೇಳಬಹುದಾದ ಅತ್ಯಂತ ಬಲವಾದ ಉದಾಹರಣೆ 2009ರ ಮೇ ತಿಂಗಳದ್ದು. ಅದಕ್ಕೆ ಎಂಟು ತಿಂಗಳ ಹಿಂದಷ್ಟೇ ಲೇಮನ್ ಬ್ರದರ್ಸ್ ದಿವಾಳಿಯಾಗಿ, ಪ್ರಪಂಚದ ಷೇರು ಪೇಟೆಗಳು ಅರ್ಧದಷ್ಟು ಕರಗಿ, ಅಮೆರಿಕದ ದೊಡ್ಡ ಕಾರು ಕಂಪನಿಗಳೇ ಸರ್ಕಾರದ ಮುಂದೆ ಕೈಯೊಡ್ಡಿ ನಿಂತಿದ್ದವು. ಅಂಥ ಹೊತ್ತಿನಲ್ಲಿ ಇಟಲಿಯ ಮರನೆಲ್ಲೊದಲ್ಲಿ 1957ರ ಫೆರಾರಿ 250 ಟೆಸ್ಟಾ ರೊಸ್ಸಾ 90 ಲಕ್ಷ ಯೂರೊಗೆ ಹರಾಜಾಗಿ, ಹರಾಜಿನಲ್ಲಿ ಕಾರೊಂದಕ್ಕೆ ಅಲ್ಲಿಯವರೆಗೆ ಸಂದ ಬೆಲೆಗಳ ದಾಖಲೆಯನ್ನು ಮುರಿಯಿತು. ಹಳೆಯ ಕಾರುಗಳು ಹಿಂಜರಿತಕ್ಕೆ ಜಗ್ಗುವುದಿಲ್ಲ ಎಂಬ ಮಾತಿಗೆ ಆಧಾರವಾಗಿ ಇದನ್ನು ಇಂದಿಗೂ ಎತ್ತಿ ತೋರಿಸುತ್ತಾರೆ. ಎತ್ತಿ ತೋರಿಸುವವರಲ್ಲಿ ಹೆಚ್ಚಿನವರು ಕಾರು ಮಾರುವವರೇ ಆಗಿರುತ್ತಾರೆ ಎಂಬುದು ಬೇರೆ ಮಾತು.

ಅದಕ್ಕೆ ಇಪ್ಪತ್ತು ವರ್ಷ ಹಿಂದಕ್ಕೆ ಹೋದರೆ ಚಿತ್ರ ತಿರುಗುಮುರುಗಾಗುತ್ತದೆ. 1980ರ ದಶಕದ ಕೊನೆಯಲ್ಲಿ ಜಪಾನಿನ ಭೂಮಿ ಮತ್ತು ಷೇರು ಬೆಲೆಗಳು ಆಕಾಶಕ್ಕೇರಿದ್ದವು. ಅದೇ ಭೂಮಿಯ ಮೇಲೆ ಸಾಲ ಎತ್ತಿ ಚಿತ್ರಕಲೆ, ಗಾಲ್ಫ್ ಕ್ಲಬ್ ಸದಸ್ಯತ್ವ, ಯುರೋಪಿನ ಸ್ಪೋರ್ಟ್ಸ್ ಕಾರು ಇವೆಲ್ಲವನ್ನೂ ಕೊಳ್ಳುವ ಗೀಳು ಹಬ್ಬಿತ್ತು. 1988ರ ಆಗಸ್ಟ್‌ನಲ್ಲಿ ಫೆರಾರಿ ಕಂಪನಿಯ ಸ್ಥಾಪಕ ಎಂಜೋ ಫೆರಾರಿ ತೀರಿಕೊಂಡದ್ದು ಬೆಂಕಿಗೆ ತುಪ್ಪವಾಯಿತು: ಇನ್ನು ಮುಂದೆ ಅವರ ಕೈಕೆಳಗೆ ರೂಪುಗೊಂಡ ಕಾರುಗಳು ಹುಟ್ಟುವುದಿಲ್ಲ ಎಂಬ ಒಂದೇ ಕಾರಣಕ್ಕೆ ಸಾಧಾರಣ ಫೆರಾರಿಗಳ ಬೆಲೆಯೂ ತಿಂಗಳಿಂದ ತಿಂಗಳಿಗೆ ಏರಿತು. 1962ರಿಂದ 64ರವರೆಗೆ ಕೇವಲ 36 ತಯಾರಾದ ಫೆರಾರಿ 250 ಜಿಟಿಒ 1989ರ ಹೊತ್ತಿಗೆ ಒಂದು ಕೋಟಿ ಡಾಲರ್ ಗಡಿ ದಾಟಿತ್ತು. ಆಮೇಲೆ ಜಪಾನಿನ ಕೇಂದ್ರ ಬ್ಯಾಂಕು ಬಡ್ಡಿ ದರವನ್ನು 1989ರ ಮೇ ತಿಂಗಳಿಂದ 1990ರ ಆಗಸ್ಟ್ ವೇಳೆಗೆ ಶೇ. 2.5ರಿಂದ ಶೇ. 6ಕ್ಕೆ ಏರಿಸಿತು, ಷೇರು ಪೇಟೆ ಕುಸಿಯಿತು, ಕುವೈತಿನ ಮೇಲೆ ಇರಾಕ್ ಏರಿ ಹೋಯಿತು. ಸಾಲ ಕೊಟ್ಟವರು ಹಣ ವಾಪಸು ಕೇಳಿದರು. 1990ರ ದಶಕದ ನಡುವಿಗೆ ಬರುವಷ್ಟರಲ್ಲಿ ಅದೇ ಜಿಟಿಒ ಹಿಂದಿನ ಬೆಲೆಯ ಮೂರನೇ ಒಂದು ಭಾಗಕ್ಕೂ ಕೆಳಗೆ ಕೈಬದಲಾಯಿತು. ಕಾರು ಅದೇ, ಸಂಖ್ಯೆ ಅದೇ 36, ಸೌಂದರ್ಯವೂ ಅದೇ. ಬದಲಾದದ್ದು ಒಂದೇ, ಅದನ್ನು ಇಟ್ಟುಕೊಂಡವರ ತಾಕತ್ತು.

ಅದೇ ಹಿಂಜರಿತಕ್ಕೆ ಸಿಕ್ಕಿಬಿದ್ದ ಎರಡು ಬ್ರಿಟಿಷ್ ಕಾರುಗಳ ಕಥೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಬೆಲೆಯ ಗುಟ್ಟು ಅಲ್ಲಿ ಬಯಲಾಗುತ್ತದೆ. ಜಾಗ್ವಾರ್ ಕಂಪನಿ ಎಕ್ಸ್‌ಜೆ 220 ಎಂಬ ಕಾರನ್ನು ಪ್ರಕಟಿಸಿ 50,000 ಪೌಂಡ್ ಮುಂಗಡ ಕೇಳಿದಾಗ, 350 ಕಾರುಗಳಿಗೆ ಸುಮಾರು 1,500 ಜನ ಸಾಲುಗಟ್ಟಿದರು. ಅವರಲ್ಲಿ ಹಲವರಿಗೆ ಕಾರು ಬೇಕಿರಲಿಲ್ಲ. ಸರದಿಯ ಚೀಟಿಯನ್ನು ಮುಂದಿನವನಿಗೆ ಲಾಭಕ್ಕೆ ಮಾರುವುದು ಬೇಕಿತ್ತು. 1992ರಲ್ಲಿ ಕಾರು ಕೈಗೆ ಬರುವ ಹೊತ್ತಿಗೆ ಮುಂದಿನವನೇ ಇರಲಿಲ್ಲ. ಕರಾರಿನಿಂದ ಬಿಡಿಸಿಕೊಳ್ಳಲು ಗಿರಾಕಿಗಳು ನ್ಯಾಯಾಲಯದವರೆಗೂ ಹೋದರು, ತಯಾರಾದದ್ದು 300ಕ್ಕೂ ಕಡಿಮೆ ಕಾರು, ಅವುಗಳಲ್ಲಿ ಕೆಲವು ಗಿರಾಕಿಯಿಲ್ಲದೆ ವರ್ಷಗಟ್ಟಲೆ ನಿಂತವು. ಮೆಕ್‌ಲಾರೆನ್ ಎಫ್1 ಕೂಡ ಅದೇ ಕಾಲದ ಕೂಸು. 5 ಲಕ್ಷ ಪೌಂಡ್ ಮೀರಿದ ಬೆಲೆಗೆ ಗಿರಾಕಿಗಳು ಸಾಕಷ್ಟು ಸಿಗದೆ, 300 ಮಾಡಬೇಕೆಂದಿದ್ದ ಕಂಪನಿ ಎಲ್ಲ ಬಗೆಯವೂ ಸೇರಿ 106ಕ್ಕೇ ನಿಲ್ಲಿಸಿತು. 2021ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯದ ಹರಾಜಿನಲ್ಲಿ ಅಂಥ ಒಂದು ಎಫ್1ಗೆ 2 ಕೋಟಿ ಡಾಲರಿಗೂ ಹೆಚ್ಚು ಬೆಲೆ ಬಂತು. ಮಾರಾಟವಾಗದೇ ಹೋದದ್ದರಿಂದಲೇ ಎಫ್1 ವಿರಳವಾಯಿತು, ವಿರಳವಾದದ್ದರಿಂದಲೇ ದುಬಾರಿಯಾಯಿತು. ಜಾಗ್ವಾರ್ ಕೂಡ ವಿರಳವೇ, ಆದರೆ ಈಗಲೂ ಅದರ ಬೆಲೆ ಮೆಕ್‌ಲಾರೆನ್ನಿನ ಹತ್ತಿರಕ್ಕೂ ಸುಳಿಯುವುದಿಲ್ಲ. ಹನ್ನೆರಡು ಸಿಲಿಂಡರ್ ಎಂಜಿನ್ ಕೊಡುವುದಾಗಿ ಹೇಳಿ ಆರು ಸಿಲಿಂಡರಿನದು ಕೊಟ್ಟ ಮಾತುತಪ್ಪು ಅದರ ಹೆಸರಿಗೆ ಅಂಟಿಕೊಂಡೇ ಉಳಿಯಿತು. ಕಡಿಮೆ ಸಂಖ್ಯೆ ಬೇಕು, ಆದರೆ ಅದಷ್ಟೇ ಸಾಲದು.

ಇಷ್ಟಾದ ಮೇಲೆ 2008ರಲ್ಲಿ ಬೆಲೆಗಳು 1990ರಂತೆ ಏಕೆ ನೆಲಕಚ್ಚಲಿಲ್ಲ ಎಂಬುದು ಸುಲಭವಾಗಿ ತಿಳಿಯುತ್ತದೆ. ಆ ಹೊತ್ತಿಗೆ ಉತ್ತಮ ಕಾರುಗಳು ಬಹುಪಾಲು ಸ್ವಂತ ಹಣದಿಂದ ಕೊಂಡು, ಹತ್ತಾರು ವರ್ಷ ಇಟ್ಟುಕೊಂಡವರ ಕೈಯಲ್ಲಿದ್ದವು. ಮಾರಲೇಬೇಕು ಎಂಬ ಒತ್ತಡ ಅವರಿಗಿರಲಿಲ್ಲ. ದರ ಚೆನ್ನಾಗಿಲ್ಲವೆಂದು ಕಂಡಾಗ ಅವರು ಹರಾಜಿಗೆ ಕಳಿಸದೆ ಸುಮ್ಮನಾದರು. ಜೊತೆಗೆ ಕೇಂದ್ರ ಬ್ಯಾಂಕುಗಳು ಬಡ್ಡಿಯನ್ನು ಸೊನ್ನೆಯ ಹತ್ತಿರಕ್ಕೆ ಇಳಿಸಿದ್ದರಿಂದ ಬ್ಯಾಂಕಿನಲ್ಲಿಟ್ಟ ಹಣ ಬೆಳೆಯದೆ, ಬೆಳೆಯುವ ಭರವಸೆಯಿರುವ ಯಾವುದೇ ವಸ್ತುವಿನ ಕಡೆಗೆ ಹರಿಯಿತು. ಹಳೆಯ ಕಾರು ಬಾಡಿಗೆ ತರುವುದಿಲ್ಲ, ಡಿವಿಡೆಂಡ್ ಕೊಡುವುದಿಲ್ಲ. ಆದ್ದರಿಂದ ಠೇವಣಿಯ ಬಡ್ಡಿ ಕಡಿಮೆಯಿದ್ದಾಗ ಅದನ್ನು ಇಟ್ಟುಕೊಳ್ಳುವುದು ಅಗ್ಗ, ಬಡ್ಡಿ ಏರಿದಾಗ ದುಬಾರಿ. ನೈಟ್ ಫ್ರಾಂಕ್ ಸಂಸ್ಥೆ ಪ್ರತಿವರ್ಷ ಪ್ರಕಟಿಸುವ ವಿಲಾಸಿ ಹೂಡಿಕೆಗಳ ಸೂಚ್ಯಂಕದಲ್ಲಿ ಕ್ಲಾಸಿಕ್ ಕಾರುಗಳು 2022ರಲ್ಲಿ ಶೇ. 25ರಷ್ಟು ಏರಿ, ಅಮೆರಿಕದ ಬಡ್ಡಿ ಶೇ. 5 ದಾಟಿದ 2023ರಲ್ಲಿ ಶೇ. 6ರಷ್ಟು ಇಳಿದು, 2024ರಲ್ಲಿ ಶೇ. 1ರ ಆಸುಪಾಸಿನ ಏರಿಕೆಯಲ್ಲಿ ನಿಂತದ್ದು ಇದೇ ಕಾರಣಕ್ಕೆ ಎನ್ನಬಹುದು. ಆ ಮೂರು ವರ್ಷಗಳಲ್ಲಿ ಅಮೆರಿಕದಲ್ಲಿ ಹೇಳಿಕೊಳ್ಳುವಂಥ ಹಿಂಜರಿತವೇನೂ ಬರಲಿಲ್ಲ. ಹಳೆಯ ಕಾರುಗಳನ್ನು ಹಿಂಜರಿತಕ್ಕಿಂತ ಹೆಚ್ಚಾಗಿ ಕಾಡುವುದು ಬಡ್ಡಿ.

ಆದರೆ ಇಂಥ ಸೂಚ್ಯಂಕಗಳನ್ನು ಓದುವಾಗ ಒಂದು ಎಚ್ಚರ ಬೇಕು. ಅವು ಮಾರಾಟವಾದ ಕಾರುಗಳ ಬೆಲೆಯನ್ನು ಹೇಳುತ್ತವೆ. ಸವಾಲು ಮಾಲೀಕನ ಕನಿಷ್ಠ ಬೆಲೆಗೆ ಮುಟ್ಟದೆ ವೇದಿಕೆಯಿಂದ ಹಾಗೆಯೇ ಕೆಳಗಿಳಿದ ಕಾರುಗಳನ್ನು ಹೇಳುವುದಿಲ್ಲ. ಮಂದಗತಿಯ ಕಾಲದಲ್ಲಿ ಹೆಚ್ಚುವುದು ಇವೇ. ದಾವಣಗೆರೆಯ ಹೊರವಲಯದ ಬಡಾವಣೆಗಳಲ್ಲಿ ಸೈಟಿನ ದರ ಕೇಳಿ ನೋಡಿ: ಎರಡು ವರ್ಷದಿಂದ ಒಂದು ನೋಂದಣಿಯೂ ಆಗದ ಕಡೆಯಲ್ಲಿಯೂ ಹೇಳುವ ದರ ಮಾತ್ರ ಒಂದು ರೂಪಾಯಿ ಇಳಿದಿರುವುದಿಲ್ಲ. ಬೆಲೆ ನಿಂತಿದೆ ಎನ್ನುವುದಕ್ಕಿಂತ ವ್ಯವಹಾರ ನಿಂತಿದೆ ಎನ್ನುವುದು ಅಲ್ಲಿ ಸರಿಯಾದ ಮಾತು, ಹಳೆಯ ಕಾರುಗಳ ವಿಷಯದಲ್ಲಿಯೂ ಅಷ್ಟೇ. ಶಿಖರದಲ್ಲಿರುವ ಕಾರುಗಳೂ ಇದರಿಂದ ಹೊರತಲ್ಲ. 2018ರಲ್ಲಿ ಒಂದು 250 ಜಿಟಿಒ 4.84 ಕೋಟಿ ಡಾಲರಿಗೆ ಹರಾಜಾಗಿತ್ತು. 2023ರ ನವೆಂಬರ್‌ನಲ್ಲಿ ನ್ಯೂಯಾರ್ಕಿನಲ್ಲಿ ಹರಾಜಿಗೆ ಬಂದ ಇನ್ನೊಂದರ ಮೇಲೆ 6 ಕೋಟಿಯ ನಿರೀಕ್ಷೆಯಿದ್ದರೂ ಸಿಕ್ಕಿದ್ದು 5.17 ಕೋಟಿ. ಎರಡೂ ಬೇರೆ ಬೇರೆ ಕಾರುಗಳಾದ್ದರಿಂದ ಹೋಲಿಕೆ ಕರಾರುವಾಕ್ಕಲ್ಲ, ಆದರೂ ನಡುವಿನ ಐದು ವರ್ಷದ ಹಣದುಬ್ಬರವನ್ನು ಕಳೆದರೆ ಏರಿಕೆ ಎನ್ನುವಂಥದ್ದು ಏನೂ ಉಳಿಯುವುದಿಲ್ಲ.

ಇನ್ನು ಶಿಖರದಿಂದ ಕೆಳಗಿಳಿದರೆ ಬೆಲೆ ನಿರ್ಧರಿಸುವುದು ಕೊಳ್ಳುವವರ ವಯಸ್ಸು. ತಾನು ಹದಿನಾರು ವರ್ಷದವನಾಗಿದ್ದಾಗ ಗೋಡೆಗೆ ಅಂಟಿಸಿಕೊಂಡಿದ್ದ ಕಾರನ್ನು ಮನುಷ್ಯ ಐವತ್ತನೆಯ ವಯಸ್ಸಿನಲ್ಲಿ ಕೊಳ್ಳುತ್ತಾನೆ. 1961ರಲ್ಲಿ ಬಂದ ಜಾಗ್ವಾರ್ ಇ-ಟೈಪ್‌ಗಾಗಿ ಹಾತೊರೆದವರಿಗೆ ಈಗ ಎಂಬತ್ತು ಸಮೀಪಿಸಿದೆ. 70,000ಕ್ಕೂ ಹೆಚ್ಚು ತಯಾರಾದ ಆ ಕಾರು ಎಷ್ಟೇ ಸುಂದರವಾಗಿದ್ದರೂ ಅವರ ಸಂಗ್ರಹಗಳು ಒಂದೊಂದಾಗಿ ಮಾರುಕಟ್ಟೆಗೆ ಬರುತ್ತಿರುವಾಗ ಸಾಧಾರಣ ಸ್ಥಿತಿಯವುಗಳ ಬೆಲೆ ಸಡಿಲವಾಗಿದೆ. ಅತ್ತ 1980, 90ರ ದಶಕದ ಕಾರುಗಳಿಗೆ, ಮುಖ್ಯವಾಗಿ 1998ರಲ್ಲಿ ನಿಂತುಹೋದ ಗಾಳಿಯಿಂದ ತಣಿಯುವ ಎಂಜಿನ್ನಿನ ಪೋರ್ಷೆ 911ಗಳಿಗೆ, ಗಿರಾಕಿ ಬೆಳೆದಿದ್ದಾರೆ. ಇದಕ್ಕೂ ಆರ್ಥಿಕ ಏರಿಳಿತಕ್ಕೂ ನೇರ ಸಂಬಂಧವಿಲ್ಲ. ಇಂಥ ಕಡೆ ಹಿಂಜರಿತ, ಹೇಗೂ ಇಳಿಯಬೇಕಿದ್ದುದನ್ನು ಬೇಗ ಇಳಿಸುತ್ತದೆ.

ಭಾರತಕ್ಕೆ ಬಂದರೆ ಲೆಕ್ಕವೇ ಬೇರೆ. ನಮ್ಮದು ಮುಚ್ಚಿದ ಕೆರೆ. ಮೂರು ವರ್ಷಕ್ಕಿಂತ ಹಳೆಯ ಕಾರನ್ನು ಸಾಮಾನ್ಯವಾಗಿ ಆಮದು ಮಾಡಿಕೊಳ್ಳಲು ಬರುವುದಿಲ್ಲ. ವಿಂಟೇಜ್ ವಾಹನಗಳಿಗೆ ಮಾತ್ರ ಪ್ರತ್ಯೇಕ ದಾರಿ. ದಶಕಗಳ ಕಾಲ ಆಮದು ಸುಂಕ ಕಾರಿನ ಬೆಲೆಯಷ್ಟೋ ಅದಕ್ಕೂ ಹೆಚ್ಚೋ ಇತ್ತು. ಹೀಗಾಗಿ ದೇಶದೊಳಗಿರುವ ಹಳೆಯ ಎಂಜಿ, ಟ್ರಯಂಫ್, ಜಾಗ್ವಾರ್, ಮರ್ಸಿಡಿಸ್ ಸ್ಪೋರ್ಟ್ಸ್ ಕಾರುಗಳು ಬೆರಳೆಣಿಕೆಯವು, ಅವುಗಳ ಬೆಲೆ ವಿದೇಶದ ಬೆಲೆಗೆ ಹೊಂದಿಕೊಳ್ಳುವುದಿಲ್ಲ. ರೂಪಾಯಿಯ ಮೋಸವೂ ಇದೆ. 1990ರಲ್ಲಿ ಡಾಲರಿಗೆ ಸುಮಾರು 17 ರೂಪಾಯಿ ಇದ್ದದ್ದು 2025ರಲ್ಲಿ 85 ದಾಟಿದೆ. ಡಾಲರಿನಲ್ಲಿ ಒಂದು ಪೈಸೆಯೂ ಏರದ ಕಾರು ರೂಪಾಯಿಯಲ್ಲಿ ಐದು ಪಟ್ಟಾದಂತೆ ಕಾಣುತ್ತದೆ. ಆ ಐದು ಪಟ್ಟು ಕಾರಿನ ಸಾಧನೆಯಲ್ಲ.

ಕಾಗದಪತ್ರದ ಖರ್ಚು ಕೂಡ ಈಗ ನಗಣ್ಯವಲ್ಲ. ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ತಂದ ನಿಯಮದ ಪ್ರಕಾರ 50 ವರ್ಷ ಮೀರಿದ, ಮೂಲ ರೂಪ ಕೆಡದ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ, ಅವಧಿ 10 ವರ್ಷ, ನವೀಕರಣಕ್ಕೆ 5,000. ಆದರೆ ಹಾಗೆ ನೋಂದಾಯಿಸಿದ ಕಾರನ್ನು ಪ್ರದರ್ಶನ, ರ್‍ಯಾಲಿ, ದುರಸ್ತಿ, ಇಂಧನ ತುಂಬಿಸುವುದು ಮೊದಲಾದ ಕೆಲಸಗಳಿಗಲ್ಲದೆ ದಿನನಿತ್ಯ ರಸ್ತೆಗಿಳಿಸುವಂತಿಲ್ಲ. 1990ರ ದಶಕದ ಕಾರಿಗೆ ಆ ಸೌಲಭ್ಯ ಸಿಗುವುದಿಲ್ಲ. ಅದು ಬರೀ ಹಳೆಯ ಗಾಡಿ: ಐದೈದು ವರ್ಷಕ್ಕೊಮ್ಮೆ ಎಫ್‌ಸಿ, ಮರುನೋಂದಣಿ. 2025ರ ಆಗಸ್ಟ್‌ನ ತಿದ್ದುಪಡಿಯಂತೆ 20 ವರ್ಷ ಮೀರಿದ ದೇಶೀ ಕಾರಿಗೆ ಮರುನೋಂದಣಿ ಶುಲ್ಕ 10,000 ರೂಪಾಯಿ, ಆಮದಾದ ಕಾರಿಗೆ 80,000. ಕಾರಿನ ಮೇಲೆ ಅಕ್ಕರೆಯಿರುವವನು ಇದನ್ನು ಕಟ್ಟಿಯಾನು. ಹೂಡಿಕೆಯೆಂದು ಕೊಂಡವನು ಲೆಕ್ಕದಲ್ಲಿ ಸೇರಿಸಿಕೊಳ್ಳಬೇಕು.

ಆ ಲೆಕ್ಕವನ್ನು ಒಂದು ಕಾಲ್ಪನಿಕ ಉದಾಹರಣೆಯಿಂದ ನೋಡೋಣ. 20 ಲಕ್ಷ ರೂಪಾಯಿಗೆ ಒಂದು ಹಳೆಯ ಆಮದು ಕೂಪೆ ಕೊಂಡು ಹತ್ತು ವರ್ಷ ಇಟ್ಟುಕೊಂಡಿರಿ ಎನ್ನಿ. ಅದೇ ಹಣ ಶೇ. 7ರ ಠೇವಣಿಯಲ್ಲಿದ್ದಿದ್ದರೆ ಹತ್ತು ವರ್ಷಕ್ಕೆ, ಬಡ್ಡಿಯ ಮೇಲಿನ ತೆರಿಗೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, 39 ಲಕ್ಷ ದಾಟುತ್ತಿತ್ತು. ಕಾರಿನ ವಿಮೆ, ಟೈರು, ಬ್ಯಾಟರಿ, ಗ್ಯಾರೇಜಿನ ಖರ್ಚು ವರ್ಷಕ್ಕೆ 60,000 ಎಂದಿಟ್ಟುಕೊಂಡರೂ, ಅದಕ್ಕೂ ಅದೇ ಬಡ್ಡಿ ಹಾಕಿದರೆ ಇನ್ನೂ 8 ಲಕ್ಷ. ಅಂದರೆ ಕಾರು 47 ಲಕ್ಷಕ್ಕೆ ಹೋದರೆ ಮಾತ್ರ ಠೇವಣಿಗೆ ಸಮ. ದಲ್ಲಾಳಿಯ ಪಾಲು ಬೇರೆ. 20 ಲಕ್ಷದ ಕಾರು 30 ಲಕ್ಷಕ್ಕೆ ಹೋಯಿತೆಂದು ಸಿಹಿ ಹಂಚುವವನು ವಾಸ್ತವದಲ್ಲಿ 17 ಲಕ್ಷ ಹಿಂದೆ ಬಿದ್ದಿರುತ್ತಾನೆ. ಹತ್ತು ವರ್ಷ ಭಾನುವಾರಗಳಂದು ಅದನ್ನು ಓಡಿಸಿದ ಸುಖಕ್ಕೆ ಅಷ್ಟು ಬೆಲೆಯಿದೆ ಎಂದು ಅವನಿಗೆ ಅನ್ನಿಸಿದರೆ ಯಾರ ತಕರಾರೂ ಇಲ್ಲ, ಆದರೆ ಅದಕ್ಕೆ ಲಾಭ ಎಂಬ ಹೆಸರು ಸಲ್ಲದು.

ಇಟ್ಟುಕೊಳ್ಳುವುದರಲ್ಲಿ ನಮ್ಮ ಸೀಮೆಗೆ ಒಂದು ಅನುಕೂಲವೂ ಉಂಟು. ಹಳೆಯ ಕಾರನ್ನು ಕೊಲ್ಲುವುದು ತುಕ್ಕು. ಕರಾವಳಿಯಲ್ಲಿ, ಮಲೆನಾಡಿನಲ್ಲಿ ಚಾಸಿಯನ್ನು ಒಳಗಿಂದೊಳಗೇ ತಿಂದುಹಾಕುವ ಅದು, ರಾಜ್ಯದಲ್ಲಿಯೇ ಅತಿ ಕಡಿಮೆ ಮಳೆ ಬೀಳುವ ತಾಲೂಕುಗಳಲ್ಲಿ ಒಂದಾದ ಚಳ್ಳಕೆರೆಯಂಥ ಒಣ ಊರಿನಲ್ಲಿ ಬಹಳ ನಿಧಾನ. ಆದರೆ ಚಿತ್ರದುರ್ಗದ ಕೊಳವೆಬಾವಿಯ ಗಡಸು ನೀರನ್ನು ರೇಡಿಯೇಟರಿಗೆ ತುಂಬಿಸಿದರೆ ಎಂಜಿನ್ನಿನೊಳಗೆ ಸುಣ್ಣ ಕಟ್ಟಿ ಆ ಅನುಕೂಲ ಕರಗಿಹೋಗುತ್ತದೆ. ದಾವಣಗೆರೆಯ ಮೆಕ್ಕೆಜೋಳದ ಗೋದಾಮಿನ ಮೂಲೆಯಲ್ಲಿ ನಿಲ್ಲಿಸಿದ ಕಾರಿನ ವೈರಿಂಗು ಇಲಿಗಳ ಪಾಲು. ಈಗ ಬಂಕುಗಳಲ್ಲಿ ಸಿಗುವ ಶೇ. 20 ಎಥೆನಾಲ್ ಬೆರೆತ ಪೆಟ್ರೋಲು ಹಳೆಯ ಕಾರ್ಬುರೇಟರಿನ ರಬ್ಬರ್ ಭಾಗಗಳಿಗೆ ಆಗಿಬರುವುದಿಲ್ಲ; ಓಡಿಸದೆ ತಿಂಗಳುಗಟ್ಟಲೆ ನಿಲ್ಲಿಸಿದರೆ ತೇವ ಹೀರಿ ಟ್ಯಾಂಕಿಗೇ ಕಂಟಕ. ಪಿ.ಬಿ. ರಸ್ತೆಯ ಆಚೀಚೆ ಫಿಯೆಟ್, ಅಂಬಾಸಿಡರ್ ಕಾರ್ಬುರೇಟರನ್ನು ಕಣ್ಣುಮುಚ್ಚಿ ಬಿಚ್ಚಿ ಜೋಡಿಸುವ ಹಿರಿಯ ಮೇಸ್ತ್ರಿಗಳು ಇನ್ನೂ ಇದ್ದಾರೆ, ಆದರೆ ಅವರ ಮಕ್ಕಳು ಆ ಕೆಲಸ ಕಲಿತಿಲ್ಲ. ವಿಮೆಯ ಕಡೆಯೂ ಗಮನವಿರಲಿ: ಐದು ವರ್ಷ ಮೀರಿದ ವಾಹನಕ್ಕೆ ವಿಮಾ ಮೌಲ್ಯವನ್ನು ಕಂಪನಿ ಮತ್ತು ಮಾಲೀಕ ಮಾತಾಡಿ ಗೊತ್ತು ಮಾಡಿಕೊಳ್ಳಬೇಕು. ಹಾಗೆ ಮಾಡಿಕೊಳ್ಳದೆ ಬರೀ ಥರ್ಡ್ ಪಾರ್ಟಿ ವಿಮೆ ಕಟ್ಟಿಕೊಂಡು ಬಂದರೆ, ಕಾರು ಬೆಂಕಿಗೆ ಸಿಕ್ಕಿದ ದಿನ ಅದರ ಬೆಲೆ ಗುಜರಿಯ ಬೆಲೆ.

ತೆರಿಗೆಯ ಬಗ್ಗೆ ಒಂದು ಜನಪ್ರಿಯ ನಂಬಿಕೆಯಿದೆ: ಸ್ವಂತ ಬಳಕೆಯ ಕಾರು ಬಂಡವಾಳ ಆಸ್ತಿಯಲ್ಲ, ಆದ್ದರಿಂದ ಮಾರಿದ ಲಾಭಕ್ಕೆ ತೆರಿಗೆಯಿಲ್ಲ ಎಂದು. ಕಾನೂನು ವೈಯಕ್ತಿಕ ಬಳಕೆಯ ಚರ ವಸ್ತುಗಳನ್ನು ಹೊರಗಿಟ್ಟಿರುವುದು ನಿಜ. ಆದರೆ 1983ರಲ್ಲಿ 20,000 ರೂಪಾಯಿಗೆ ಕೊಂಡ 1931ರ ಫೋರ್ಡ್ ಟೂರರ್ ಒಂದನ್ನು 21 ಲಕ್ಷಕ್ಕೆ ಮಾರಿದವರ ಪ್ರಕರಣದಲ್ಲಿ ಬಾಂಬೆ ಹೈಕೋರ್ಟು, ಕಾರು ಬಳಸಬಹುದಾದ ವಸ್ತು ಎಂದ ಮಾತ್ರಕ್ಕೆ ಸಾಲದು, ಅದನ್ನು ನಿಜವಾಗಿ ಸ್ವಂತಕ್ಕೆ ಬಳಸಿದ್ದಕ್ಕೆ ಸಾಕ್ಷ್ಯ ಬೇಕು ಎಂದು ಹೇಳಿ ತೆರಿಗೆಯನ್ನು ಎತ್ತಿಹಿಡಿಯಿತು. ಹೂಡಿಕೆಗೆಂದು ಕೊಂಡು ಹೊದಿಕೆ ಮುಚ್ಚಿಟ್ಟವನಿಗೆ ಇದು ಇಕ್ಕಟ್ಟಿನ ಸಂಗತಿ: ಓಡಿಸಿದರೆ ಸವೆತ, ಓಡಿಸದಿದ್ದರೆ ತೆರಿಗೆ.

ಇಷ್ಟೆಲ್ಲ ಆದ ಮೇಲೆ ಉಳಿಯುವ ದೊಡ್ಡ ಪ್ರಶ್ನೆ ಗಿರಾಕಿಯದು. ಬ್ಯಾಂಕುಗಳು ಮೂವತ್ತು ವರ್ಷದ ಕಾರಿನ ಮೇಲೆ ಸಾಲ ಕೊಡುವುದು ಅಪರೂಪವಾದ್ದರಿಂದ ನಮ್ಮಲ್ಲಿ 1990ರ ಜಪಾನಿನಂಥ ಕುಸಿತದ ಸಾಧ್ಯತೆ ಕಡಿಮೆ. ಅದೇ ಕಾರಣದಿಂದ, ತುರ್ತು ಬಂದಾಗ ಕಾರಿನಿಂದ ಹಣ ಎಬ್ಬಿಸುವುದೂ ಕಷ್ಟ. ಚಿನ್ನವನ್ನು ಬೆಳಿಗ್ಗೆ ಒಯ್ದರೆ ಮಧ್ಯಾಹ್ನ ಹಣ ಕೈಗೆ ಬರುತ್ತದೆ. ಕೆಎ-17 ನೋಂದಣಿಯ ಹಳೆಯ ಪೋರ್ಷೆಗೆ ದಾವಣಗೆರೆಯಲ್ಲಿ ಸಿಗುವ ಗಿರಾಕಿ ಒಬ್ಬನೋ ಇಬ್ಬರೋ. ಹಿಂಜರಿತದ ವರ್ಷದಲ್ಲಿ, ಅಂದರೆ ಅಡಿಕೆಯೂ ಮೆಕ್ಕೆಜೋಳವೂ ಒಟ್ಟಿಗೆ ಇಳಿದ ವರ್ಷದಲ್ಲಿ, ಮಾರಲು ಹೊರಟವನ ಕೈಯೇ ಅಲ್ಲ, ಆ ಇಬ್ಬರ ಕೈಯೂ ಬಿಗಿಯಾಗಿರುತ್ತದೆ, ಏಕೆಂದರೆ ಮೂವರ ಹಣವೂ ಒಂದೇ ಮಂಡಿಯಿಂದ ಬರುವಂಥದ್ದು. ಆಗ ಬೆಂಗಳೂರು, ಮುಂಬೈ ಗಿರಾಕಿಯನ್ನೇ ಹುಡುಕಬೇಕು, ಅವನು ಬಂದು ನೋಡಿ, ಮತ್ತೆ ಬಂದು ನೋಡಿ, ಚೌಕಾಸಿ ಮಾಡುವವರೆಗೆ ಕಾಯಬೇಕು.

ಇದರ ಮುಂದೆ ನಮ್ಮ ಊರಿನದೇ ಒಂದು ಹೋಲಿಕೆ ನೋಡಬೇಕು. 1985ರಿಂದ 1996ರವರೆಗೆ ಬಂದ ಯಮಹಾ ಆರ್‌ಎಕ್ಸ್ 100ಗೆ ದಾವಣಗೆರೆ, ಹರಿಹರ, ಚಿತ್ರದುರ್ಗಗಳಲ್ಲಿ ಇಂದಿಗೂ ಗಿರಾಕಿ ಹುಡುಕಬೇಕಾಗಿಲ್ಲ. ಮೈಸೂರಿನಲ್ಲಿ ತಯಾರಾಗುತ್ತಿದ್ದ ಯೆಜ್ದಿಗೂ ಬಹುತೇಕ ಹಾಗೆಯೇ. ಕೊಳ್ಳಬಲ್ಲವರು ನೂರಾರು ಮಂದಿ, ಬಿಡಿಭಾಗ ಸಿಗುತ್ತದೆ, ಬಿಚ್ಚಿ ಜೋಡಿಸಬಲ್ಲ ಮೇಸ್ತ್ರಿ ಪ್ರತಿ ಬೀದಿಯಲ್ಲಿದ್ದಾನೆ, ಮನೆಯ ಪಡಸಾಲೆಯಲ್ಲಿ ನಿಲ್ಲಿಸಬಹುದು. ಮಂದಗತಿಯಲ್ಲಿ ಬೆಲೆ ಉಳಿಸಿಕೊಳ್ಳುವ ವಸ್ತುವಿಗೆ ಬೇಕಾದ ಗುಣಗಳು, ಸ್ಪೋರ್ಟ್ಸ್ ಕಾರಿಗಿಂತ ಹೆಚ್ಚಾಗಿ, ಈ ಎರಡು ಸ್ಟ್ರೋಕಿನ ಗಾಡಿಗಿವೆ.

ಆದರೂ ಕಾರೇ ಬೇಕು ಎನ್ನುವವರು, ಕಾಯುವ ಶಕ್ತಿ ತಮಗಿದೆ ಎಂದು ಖಚಿತವಿರುವವರು, ಬಣ್ಣ ಮತ್ತು ಚಕ್ರಗಳನ್ನು ನೋಡುವ ಮೊದಲು ಆರ್‌ಸಿ ನೋಡಲಿ. ಅದರಲ್ಲಿರುವ ಎಂಜಿನ್ ಸಂಖ್ಯೆಯೂ ಚಾಸಿ ಸಂಖ್ಯೆಯೂ ಕಾರಿನ ಮೇಲೆ ಕೊರೆದಿರುವುದರ ಜೊತೆ ಅಂಕಿ ಅಂಕಿಗೂ ತಾಳೆಯಾಗಬೇಕು. ಆಮದಾದ ಕಾರಾದರೆ ಕಸ್ಟಮ್ಸ್ ಕಾಗದ ಮೂಲ ಪ್ರತಿಯಲ್ಲಿಯೇ ಇರಬೇಕು. ಬೇರೆ ಜಿಲ್ಲೆಯಿಂದಲೋ ಬೇರೆ ರಾಜ್ಯದಿಂದಲೋ ಬಂದ ಗಾಡಿಯಲ್ಲಿ ಎನ್‌ಒಸಿ, ತೆರಿಗೆ ಬಾಕಿ, ಹಳೆಯ ಸಾಲದ ನಮೂದು ಇವುಗಳನ್ನು ಆರ್‌ಟಿಒ ಕಚೇರಿಯಲ್ಲಿ ಪರಿಶೀಲಿಸಿಕೊಳ್ಳಲು ಅರ್ಧ ದಿನ ಹಿಡಿಯಬಹುದು. ಎಂಜಿನ್ ಬದಲಾದ ಕಾರು, ದಾಖಲೆ ತುಂಡಾದ ಕಾರು ಒಳ್ಳೆಯ ಕಾಲದಲ್ಲಿ ಹೇಗೋ ಮಾರಾಟವಾಗುತ್ತದೆ. ಗಿರಾಕಿಗಳು ವಿರಳವಾದ ಕಾಲದಲ್ಲಿ ಬಂದವನು ಮೊದಲು ಕೇಳುವುದು ಆ ಕಾಗದವನ್ನೇ.